ಗುಂಡನಿಗೆ ಕಾಳು ಬಿಡಿಸಿದ ಐದು ತಿಂಗಳು

2024ರ ಆಷಾಢ. ಹೊರಗೆ ಗಾಳಿ ಜೋರಾಗಿತ್ತು. ಗುಂಡ ಹಾಲ್‌ನ ಕರ್ಟನ್ ಕಂಬಿಯಿಂದ ಹಾರಿ ನನ್ನ ಹೆಗಲ ಮೇಲೆ ಬಂದು ಕೂತ. ಹತ್ತು ಹನ್ನೆರಡು ಅಡಿ ದೂರ ಅಷ್ಟೆ. ಬಂದವನು ಬಾಯಿ ತೆರೆದುಕೊಂಡೇ ಇದ್ದ. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಎರಡು ನಿಮಿಷ ಆದರೂ ಅದು ನಿಲ್ಲಲಿಲ್ಲ. ಒಂದು ವಾರದಿಂದ ಸೀನುತ್ತಲೂ ಇದ್ದ. ನನಗೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಗುಂಡ ನಮ್ಮ ಮನೆಯ ಕಾಕಟೀಲ್. ಅಂಗಡಿಗಳಲ್ಲಿ 'ಕಾಕ್‌ಟೇಲ್' ಅಂತ ಕರೆಯುತ್ತಾರಲ್ಲ, ಅದೇ. ಆಸ್ಟ್ರೇಲಿಯಾ ಮೂಲದ ಸಣ್ಣ ಗಿಳಿ. ಬೂದು ಮೈ, ಹಳದಿ ಮುಖ, ಕೆನ್ನೆಗೆ ಕಿತ್ತಳೆ ಬಣ್ಣದ ಬೊಟ್ಟು, ತಲೆಯ ಮೇಲೆ ಜುಟ್ಟು. 2019ರಲ್ಲಿ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಹಟ ಹಿಡಿದು ತರಿಸಿಕೊಂಡಳು. ನಮ್ಮ ತೋಟಗಳಲ್ಲಿ ಹಾರಾಡುವ ಹಸಿರು ಗಿಳಿಯನ್ನು ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಅದಕ್ಕೇ ಇವನನ್ನು ತಂದೆವು. ದುಂಡಗೆ ಇದ್ದ ಅಂತ ನಮ್ಮ ಅತ್ತೆ ಗುಂಡ ಅಂತ ಹೆಸರಿಟ್ಟರು. ವರ್ಷ ಕಳೆದ ಹಾಗೆ ಇನ್ನೂ ದುಂಡಗಾದ. ಮನೆಗೆ ಬಂದವರೆಲ್ಲ "ಎಷ್ಟು ಚೆನ್ನಾಗಿ ಸಾಕಿದ್ದೀರ" ಅನ್ನುತ್ತಿದ್ದರು. ನಮಗೂ ಹಾಗೇ ಅನಿಸುತ್ತಿತ್ತು.

ಅವನ ಊಟ ಅಂದರೆ ಕಾಳು. ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಮಿಕ್ಸ್. ಅದರಲ್ಲಿ ನವಣೆ, ಸಜ್ಜೆ, ಕುಸುಬೆ, ಸೂರ್ಯಕಾಂತಿ ಎಲ್ಲ ಇರುತ್ತವೆ. ಗುಂಡ ಬಟ್ಟಲಿಗೆ ಕೊಕ್ಕು ಹಾಕಿ ಬೇರೆಯದನ್ನೆಲ್ಲ ಆಚೀಚೆ ಎರಚಿ ಸೂರ್ಯಕಾಂತಿಯನ್ನೇ ಹುಡುಕುತ್ತಿದ್ದ. ಸಿಕ್ಕಿದ ಬೀಜವನ್ನು ನಾಲಿಗೆಯಿಂದ ಒಂದು ಸುತ್ತು ತಿರುಗಿಸಿ, ಅಂಚನ್ನು ಕೊಕ್ಕಿನ ಮಧ್ಯಕ್ಕೆ ತಂದು, ಟಕ್ ಅಂತ ಒಡೆಯುತ್ತಿದ್ದ. ಸಿಪ್ಪೆ ಎರಡು ಹೋಳಾಗಿ ಕೆಳಗೆ ಬೀಳುತ್ತಿತ್ತು. ತಿರುಳು ಒಳಗೆ. ಇಷ್ಟೂ ಒಂದು ಕ್ಷಣದ ಕೆಲಸ. ಅದನ್ನು ನೋಡೋದೇ ನಮಗೆ ಖುಷಿ. ಜೊತೆಗೆ ಅತ್ತೆಯ ಕೈಯಿಂದ ಬಿಸ್ಕತ್ತು, ಚಕ್ಕುಲಿ, ಉಪ್ಪಿಟ್ಟು.

ಪಕ್ಷಿಗಳನ್ನು ಚೆನ್ನಾಗಿ ತಿಳಿದ ಡಾಕ್ಟರ್ ನಮ್ಮ ತುಮಕೂರಿನಲ್ಲಿ ನನಗೆ ಸಿಗಲಿಲ್ಲ. ನಾಯಿ, ಹಸುವಿಗೆ ಇದ್ದಾರೆ. ಕೊನೆಗೆ ಪಂಜರಕ್ಕೆ ಬಟ್ಟೆ ಹೊದಿಸಿ ಬೆಂಗಳೂರಿಗೆ ಹೋದೆವು. ಡಾಕ್ಟರ್ ಮೊದಲು ತೂಕ ನೋಡಿದರು. 121 ಗ್ರಾಂ. ಸಾಮಾನ್ಯವಾಗಿ ಕಾಕಟೀಲ್ 80ರಿಂದ 100 ಗ್ರಾಂ ಇರುತ್ತದಂತೆ. ಆಮೇಲೆ ಎದೆ ಮುಟ್ಟಿ ನೋಡಿದರು. ನನ್ನ ಬೆರಳನ್ನೂ ಹಿಡಿದು ಅಲ್ಲಿಟ್ಟರು. ಎದೆಯ ನಡುವೆ ಒಂದು ಮೂಳೆಯ ಏಣು ಸಿಗಬೇಕು. ನನಗೆ ಸಿಕ್ಕಿದ್ದು ಮೆತ್ತನೆಯ ಕೊಬ್ಬು. ಕೊಕ್ಕು ಉದ್ದ ಬೆಳೆದಿತ್ತು. ಉಗುರಿನಲ್ಲಿ ಸಣ್ಣ ಕಪ್ಪು ಮಚ್ಚೆ ಇದ್ದವು. ಬಾಯಿಗೆ ಟಾರ್ಚ್ ಬಿಟ್ಟು ಅಂಗುಳ ತೋರಿಸಿದರು. ಅಲ್ಲಿರುವ ಸೀಳಿನ ಅಂಚಿನಲ್ಲಿ ಸಣ್ಣ ಮುಳ್ಳಿನಂಥವು ಸಾಲಾಗಿ ಇರಬೇಕು. ಇವನಿಗೆ ಅವು ಸವೆದು ಮೊಂಡಾಗಿದ್ದವು. ವಿಟಮಿನ್ ಎ ಕಡಿಮೆಯಾದರೆ ಹೀಗಾಗುತ್ತದೆ, ಸೀನು ಬರುವುದಕ್ಕೂ ಅದೇ ಕಾರಣ ಇರಬಹುದು ಅಂದರು.

ಎಕ್ಸ್‌ರೇ ನನಗೆ ಚೆನ್ನಾಗಿ ನೆನಪಿದೆ. ಹೃದಯ ಮತ್ತು ಲಿವರ್ ಎರಡರ ನೆರಳೂ ಸೇರಿ ಡಮರುವಿನ ಹಾಗೆ ಕಾಣಬೇಕು, ನಡುವೆ ಸಣ್ಣಗಿರಬೇಕು. ಗುಂಡನದ್ದು ನಡುವೇ ಇಲ್ಲದೆ ಅಗಲವಾಗಿತ್ತು. ಲಿವರ್ ದೊಡ್ಡದಾಗಿದೆ, ರಕ್ತ ಪರೀಕ್ಷೆಯೂ ಅದನ್ನೇ ಹೇಳುತ್ತಿದೆ, ಕೊಬ್ಬು ತುಂಬಿದೆ ಅಂದರು. "ಸೂರ್ಯಕಾಂತಿ ತಿರುಳಿನಲ್ಲಿ ಅರ್ಧದಷ್ಟು ಎಣ್ಣೆನೇ ಇರುತ್ತೆ ಅಮ್ಮ. ಕಾಡಿನಲ್ಲಿ ಇವು ದಿನಾ ಎಷ್ಟೋ ದೂರ ಹಾರುತ್ತವೆ, ನೆಲದ ಮೇಲೆ ಎಳೆಯ ಹುಲ್ಲಿನ ಬೀಜ ಹೆಕ್ಕುತ್ತವೆ. ಇವನು ಎಷ್ಟು ಹಾರುತ್ತಾನೆ?"

ನಾನು ಸುಮ್ಮನೆ ತಲೆ ತಗ್ಗಿಸಿದೆ.

ಕಾಳು ಕಡಿಮೆ ಮಾಡಿ, ತರಕಾರಿ ಸೊಪ್ಪು ಕೊಡಿ, ಪೆಲೆಟ್ ಅಭ್ಯಾಸ ಮಾಡಿಸಿ ಅಂದರು. ಪೆಲೆಟ್ ಅಂದರೆ ಧಾನ್ಯ, ವಿಟಮಿನ್, ಖನಿಜ ಎಲ್ಲ ಬೆರೆಸಿ ಒತ್ತಿ ಮಾಡಿದ ಸಣ್ಣ ಉಂಡೆ. ಬೇಕಾದ್ದನ್ನು ಆರಿಸಿ ಬೇಡದ್ದನ್ನು ಎರಚೋಕೆ ಆಗಲ್ಲ, ಅದೇ ಅದರ ಅನುಕೂಲ. ನಿಧಾನವಾಗಿ ಮಾಡಿ ಅಂತಲೂ ಹೇಳಿದ್ದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಕ್ಸ್‌ರೇ ನೋಡಿ ಹೆದರಿದ್ದೆ. ಪೆಲೆಟ್ ತಂದ ಅಂಗಡಿಯವರು ಬೇರೆ "ಕಾಳು ಪೂರ್ತಿ ನಿಲ್ಲಿಸಿ ಮೇಡಂ, ಹಸಿವಾದರೆ ತಾನೇ ತಿನ್ನುತ್ತೆ" ಅಂದರು. ಮಕ್ಕಳಿಗೂ ಹಾಗೇ ಹೇಳುತ್ತೇವೆ ಅಲ್ವಾ? ಸರಿ ಅನಿಸಿತು. ಮಾರನೇ ದಿನ ಬೆಳಗ್ಗೆ ಕಾಳಿನ ಬಟ್ಟಲು ತೆಗೆದು ಪೆಲೆಟ್ ಬಟ್ಟಲು ಇಟ್ಟೆ.

ಸಂಜೆ ನೋಡಿದರೆ ಬಟ್ಟಲಿನಲ್ಲಿ ಪೆಲೆಟ್ ಪುಡಿಯಾಗಿತ್ತು. ತಿಂದಿದ್ದಾನೆ ಅಂತ ಸಂತೋಷಪಟ್ಟೆ. ಎರಡನೇ ದಿನವೂ ಹಾಗೇ. ಮೂರನೇ ದಿನ ಗುಂಡ ಮೈ ಉಬ್ಬಿಸಿಕೊಂಡು ಪಂಜರದ ಮೂಲೆಯಲ್ಲಿ ಕೂತಿದ್ದ. ಮಗಳು ಸಿಳ್ಳೆ ಹಾಕಿದರೂ ತಿರುಗಿ ಸಿಳ್ಳೆ ಹಾಕಲಿಲ್ಲ. ಕೆಳಗಿನ ಪೇಪರ್ ನೋಡಿದೆ. ಹಿಕ್ಕೆ ಸಾಸಿವೆಯಷ್ಟು ಸಣ್ಣಗೆ, ಕಡು ಹಸಿರು. ತೂಕ ಹಾಕಿದರೆ 111 ಗ್ರಾಂ. ಅವನು ಪೆಲೆಟ್ಟನ್ನು ಕಾಳು ಅಂದುಕೊಂಡು ಸಿಪ್ಪೆ ಬಿಡಿಸಲು ನೋಡಿದ್ದಾನೆ. ಸಿಪ್ಪೆ ಇಲ್ಲ. ಎಲ್ಲ ಪುಡಿಯಾಗಿ ಬಿದ್ದಿದೆ. ಮೂರು ದಿನ ಅವನ ಹೊಟ್ಟೆಗೆ ಏನೂ ಸರಿಯಾಗಿ ಹೋಗಿಲ್ಲ.

ಡಾಕ್ಟರಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅವರು ಬೈಯಲಿಲ್ಲ. ತಕ್ಷಣ ಹಳೇ ಕಾಳು ಇಡಿ ಅಂದರು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಹಸಿವಾದರೆ ತಿನ್ನುತ್ತೆ ಅನ್ನೋದು ಹಕ್ಕಿ ವಿಷಯದಲ್ಲಿ ಸುಳ್ಳು. ಅದು ತಿನ್ನೋ ವಸ್ತು ಅಂತಲೇ ಅದಕ್ಕೆ ಗೊತ್ತಿರಲ್ಲ. ತುಂಬಿದ ಬಟ್ಟಲಿನ ಪಕ್ಕದಲ್ಲೇ ಉಪವಾಸ ಸಾಯುತ್ತೆ. ಅದರಲ್ಲೂ ಕೊಬ್ಬಿದ ಹಕ್ಕಿ ಒಮ್ಮೆಲೇ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಲಿವರ್‌ಗೇ ಬಂದು ಕೂರುತ್ತೆ."

ಕಾಳು ಕಂಡ ಗುಂಡ ಬಟ್ಟಲಿನೊಳಗೆ ಎರಡೂ ಕಾಲಿಟ್ಟು ನಿಂತು ತಿಂದ. ಅವನ ಹತ್ತಿರ ಕ್ಷಮೆ ಕೇಳೋದು ಹೇಗೆ ಅಂತ ನನಗೆ ಗೊತ್ತಾಗಲಿಲ್ಲ.

ಹತ್ತು ದಿನ ಏನೂ ಬದಲಾಯಿಸಲಿಲ್ಲ. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ತಂದೆ. ನಮ್ಮ ಬೀದಿಯ ಬಡಗಿಯವರು ಮೂರು ಇಂಚಿನ ಹಲಗೆಗೆ ಒಂದು ಗೂಟ, ಗೂಟದ ಮೇಲೆ ಅಡ್ಡಕಡ್ಡಿ ಹೊಡೆದುಕೊಟ್ಟರು. ಅದನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಗುಂಡನನ್ನು ಹತ್ತಿಸಬೇಕು. ದಿನಾ ಬೆಳಗ್ಗೆ, ಮೊದಲ ಹಿಕ್ಕೆ ಹಾಕಿದ ಮೇಲೆ, ಏನೂ ತಿನ್ನುವ ಮೊದಲು. ರಾತ್ರಿ ಪೂರ್ತಿ ತಡೆದಿಟ್ಟ ಮೊದಲ ಹಿಕ್ಕೆ ದೊಡ್ಡದಿರುತ್ತದೆ, ಅದೇ ಒಂದೆರಡು ಗ್ರಾಂ ವ್ಯತ್ಯಾಸ ತರುತ್ತದೆ. ಮಗಳು ಕ್ಯಾಲೆಂಡರಿನ ತಾರೀಖಿನ ಕೆಳಗೆ ಪೆನ್ಸಿಲ್‌ನಲ್ಲಿ ತೂಕ ಬರೆಯುತ್ತಿದ್ದಳು. ವಾರಕ್ಕೆ ಒಂದೆರಡು ಗ್ರಾಂ ಇಳಿದರೆ ಒಳ್ಳೆಯದು. ಶುರುವಿನ ತೂಕದಲ್ಲಿ ನೂರಕ್ಕೆ ಹತ್ತರಷ್ಟು ಬೇಗನೆ ಇಳಿದರೆ ಎಲ್ಲ ನಿಲ್ಲಿಸಿ ಕಾಳು ಕೊಟ್ಟು ಫೋನ್ ಮಾಡಬೇಕು. ಇದು ಡಾಕ್ಟರ್ ಹಾಕಿದ ಗೆರೆ. ಗಿಳಿಗೆ ಊಟ ಬದಲಾಯಿಸಬೇಕು ಅನ್ನುವವರಿಗೆ ನಾನು ಮೊದಲು ಹೇಳೋದೇ ಇದು: ಪೆಲೆಟ್ ಆಮೇಲೆ ತನ್ನಿ, ತಕ್ಕಡಿ ಮೊದಲು ತನ್ನಿ.

ಮೊದಲು ನಿಲ್ಲಿಸಿದ್ದು ಸೂರ್ಯಕಾಂತಿ, ಕುಸುಬೆ. ಬಟ್ಟಲಿನಲ್ಲಿ ಬರೀ ಸಣ್ಣ ಕಾಳು. ಅದೂ ಅಳತೆ ಮಾಡಿ, ದಿನಕ್ಕೆ ಎರಡು ಟೀ ಚಮಚ. ಮೊದಲು ನಾವು ಬಟ್ಟಲು ತುಂಬಾ ಸುರಿದಿಡುತ್ತಿದ್ದೆವು. ಎಷ್ಟು ತಿಂದ ಅನ್ನೋದು ನಮಗೆ ಒಂದು ದಿನವೂ ಗೊತ್ತಿರಲಿಲ್ಲ. ಅತ್ತೆ ಉಪ್ಪಿಟ್ಟು ನಿಲ್ಲಿಸಿದರು. ಈರುಳ್ಳಿ ಹಕ್ಕಿಗೆ ವಿಷ ಅಂತ ಗೊತ್ತಾದ ದಿನ ಅವರು ಊಟ ಸರಿಯಾಗಿ ಮಾಡಲಿಲ್ಲ. "ನನ್ನ ಕೈಯಾರೆ ಕೊಟ್ಟೆನಲ್ಲೇ" ಅಂತ ಎರಡು ದಿನ ಅದನ್ನೇ ಹೇಳುತ್ತಿದ್ದರು.

ತರಕಾರಿ ವಿಷಯದಲ್ಲಿ ಗುಂಡ ಕಲ್ಲು. ಕ್ಯಾರೆಟ್ ತುಂಡು ಇಟ್ಟರೆ ಜುಟ್ಟು ನೆಟ್ಟಗೆ ಮಾಡಿ ಪಂಜರದ ಆ ತುದಿಗೆ ಓಡುತ್ತಿದ್ದ. ತುರಿದರೆ ತುಳಿದು ಹೋಗುತ್ತಿದ್ದ. ಬೀನ್ಸ್, ಸಿಹಿಗುಂಬಳ, ಮೂಲಂಗಿ ಸೊಪ್ಪು, ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ದಿನಾ ಬೆಳಗ್ಗೆ ಏಳಕ್ಕೆ ಇಡುವುದು, ಒಂಬತ್ತಕ್ಕೆ ಹಾಗೇ ತೆಗೆದು ಬಿಸಾಡುವುದು. ಹಸಿ ತರಕಾರಿ ಎರಡು ಮೂರು ಗಂಟೆಗಿಂತ ಜಾಸ್ತಿ ಇಟ್ಟರೆ ಕೆಡುತ್ತದೆ. ಹದಿನೆಂಟು ದಿನ ಹೀಗೇ ನಡೆಯಿತು.

ದಾರಿ ಸಿಕ್ಕಿದ್ದು ಅತ್ತೆಯಿಂದ. ಅವರು ಚಟ್ನಿಗೆ ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದರು. "ನಾವು ಚಿಕ್ಕವರಿದ್ದಾಗ ತೋಟದಲ್ಲಿ ಗಿಳಿಗಳು ಕಾಳು ಹುಡುಕಿಕೊಂಡು ಬರುತ್ತಿರಲಿಲ್ಲಮ್ಮ. ಸೀಬೆಹಣ್ಣಿಗೆ, ಮೆಣಸಿನಕಾಯಿಗೆ ಮುಗಿಬೀಳುತ್ತಿದ್ದವು" ಅಂದರು. ನನಗೆ ಭಯ. ಖಾರ ಅಲ್ವಾ? ಡಾಕ್ಟರಿಗೆ ಕೇಳಿದೆ. ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರ ತಾಕುವುದಿಲ್ಲವಂತೆ, ಧಾರಾಳವಾಗಿ ಕೊಡಿ ಅಂದರು.

ಮಾರನೇ ದಿನ ಅತ್ತೆ ಒಂದು ಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ, ಒಳಗಿನ ಬೀಜ ಕಾಣುವ ಹಾಗೆ ಬಿಡಿಸಿ, ಪಂಜರದ ಸರಳಿಗೆ ಸಿಕ್ಕಿಸಿದರು. ಗುಂಡ ಮೊದಲು ದೂರ ಹೋದ. ಆಮೇಲೆ ಕತ್ತು ಒಂದು ಪಕ್ಕಕ್ಕೆ ವಾಲಿಸಿ ಒಂದೇ ಕಣ್ಣಿನಿಂದ ನೋಡಿದ. ಹೆಜ್ಜೆ ಹೆಜ್ಜೆ ಇಟ್ಟು ಪಕ್ಕಕ್ಕೆ ಸರಿದು ಬಂದ. ಒಂದು ಬೀಜ ಕಿತ್ತ. ನಾಲಿಗೆಯ ಮೇಲೆ ಅದೇ ಹಳೇ ರೀತಿ ಒಂದು ಸುತ್ತು ತಿರುಗಿಸಿದ. ಇನ್ನೊಂದು ಕಿತ್ತ. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಾವಿಬ್ಬರೂ ಉಸಿರು ಬಿಡಲಿಲ್ಲ. ಎಲ್ಲ ಬೀಜ ಮುಗಿದ ಮೇಲೆ ಬೀಜ ಅಂಟಿಕೊಂಡಿದ್ದ ಬಿಳಿ ದಿಂಡನ್ನೂ ಕಚ್ಚಿದ.

ಅಲ್ಲಿಂದ ನಮಗೆ ಅರ್ಥವಾಯಿತು. ಅವನಿಗೆ ಗೊತ್ತಿರೋದು ಬೀಜ. ಬೀಜದ ಮೂಲಕವೇ ಹೋಗಬೇಕು. ದಪ್ಪ ಮೆಣಸಿನಕಾಯಿ, ಬೀಜ ಸಮೇತ. ಸೀಬೆಹಣ್ಣು. ಆಮೇಲೆ ಮೊಳಕೆ: ಹೆಸರುಕಾಳು, ನವಣೆ, ರಾಗಿ. ಮೊಳಕೆ ಬಂದರೆ ಕಾಳಿನ ಕೊಬ್ಬು ಸ್ವಲ್ಪ ಕಡಿಮೆಯಾಗುತ್ತದೆ, ತರಕಾರಿಯ ಹಾಗೆ ಹಸಿಯಾಗಿ ಇರುತ್ತದೆ, ನೋಡಲು ಕಾಳೇ. ಮಳೆಗಾಲದಲ್ಲಿ ಮಾತ್ರ ಹುಷಾರಾಗಿರಬೇಕು. ದಿನಕ್ಕೆ ಮೂರು ಸಲ ತೊಳೆಯುತ್ತಿದ್ದೆ, ಸ್ವಲ್ಪ ವಾಸನೆ ಬಂದರೂ ಎಸೆಯುತ್ತಿದ್ದೆ. ಕ್ಯಾರೆಟ್ಟನ್ನು ನವಣೆಕಾಳಿನಷ್ಟು ಸಣ್ಣಗೆ ಕೊಚ್ಚಿ ಮೊಳಕೆಗೆ ಬೆರೆಸಿದೆ. ಮೊಳಕೆ ಹೆಕ್ಕುವಾಗ ಒಂದೆರಡು ಚೂರು ಬಾಯಿಗೆ ಹೋಯಿತು. ಕೊತ್ತಂಬರಿ ಕಟ್ಟನ್ನು ಒದ್ದೆಯಾಗಿಯೇ ಮೇಲಿಂದ ನೇತುಹಾಕಿದರೆ ಅದರೊಳಗೆ ನುಗ್ಗಿ ಸ್ನಾನ ಮಾಡುತ್ತಿದ್ದ. ಸ್ನಾನ ಮಾಡುತ್ತಾ ಮಾಡುತ್ತಾ ಎಲೆ ಕತ್ತರಿಸಿದ. ಕತ್ತರಿಸುತ್ತಾ ತಿಂದ. ಹಿತ್ತಲಿನ ನುಗ್ಗೆಸೊಪ್ಪಿಗೂ ಅದೇ ಉಪಾಯ.

ಒಂದು ವಿಷಯ ಹೇಳಲೇಬೇಕು. ತರಕಾರಿ ಶುರುವಾದ ಮೇಲೆ ಹಿಕ್ಕೆ ನೀರು ನೀರಾಯಿತು. ಭೇದಿ ಅಂತ ಗಾಬರಿಯಾದೆ. ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗ ಇರುತ್ತವೆ: ಹಸಿರು ಅಥವಾ ಕಂದು ಗಟ್ಟಿ ಭಾಗ, ಬಿಳಿ ಭಾಗ, ಸುತ್ತ ನೀರು. ಸೊಪ್ಪು ತಿಂದರೆ ನೀರು ಜಾಸ್ತಿಯಾಗುತ್ತದೆ ಅಷ್ಟೆ. ಗಟ್ಟಿ ಭಾಗಕ್ಕೆ ಆಕಾರ ಇದ್ದರೆ ಭಯ ಬೇಡ. ಆದರೆ ಹಿಕ್ಕೆಯ ಸಂಖ್ಯೆ ಕಡಿಮೆಯಾಗಿ ಕಡು ಹಸಿರಾದರೆ ಹೊಟ್ಟೆಗೆ ಊಟ ಹೋಗುತ್ತಿಲ್ಲ ಅಂತ ಅರ್ಥ. ಅದಕ್ಕೇ ಪಂಜರದ ಕೆಳಗೆ ಬಿಳಿ ಪೇಪರ್ ಹಾಸಲು ಶುರು ಮಾಡಿದೆ. ಬಟ್ಟಲು ಮೋಸ ಮಾಡುತ್ತದೆ, ಸಿಪ್ಪೆ ತುಂಬಿದ್ದರೂ ಕಾಳು ತುಂಬಿದ ಹಾಗೆ ಕಾಣುತ್ತದೆ. ಪೇಪರ್ ಮೋಸ ಮಾಡುವುದಿಲ್ಲ.

ಪೆಲೆಟ್‌ಗೆ ಗಣೇಶನ ಹಬ್ಬ ಕಳೆದ ಮೇಲೆ ಕೈ ಹಾಕಿದೆ. ಮೊದಲು ತಂದಿದ್ದು ಬಿಡಿಯಾಗಿ ಕವರಿಗೆ ತುಂಬಿಕೊಟ್ಟದ್ದು. ಮೂಗಿಗೆ ಹಿಡಿದರೆ ಹಳೇ ಎಣ್ಣೆ ವಾಸನೆ. ಎಸೆದು, ತಾರೀಖು ನೋಡಿ, ಸೀಲ್ ಇದ್ದ ಪ್ಯಾಕ್ ತರಿಸಿದೆ. ಕಿಲೋಗೆ ಸಾವಿರದ ಮೇಲೆ ಬಿತ್ತು. ದುಬಾರಿ ನಿಜ. ಆದರೆ ಅವನು ತಿನ್ನೋದು ದಿನಕ್ಕೆ ಕೆಲವೇ ಗ್ರಾಂ, ಎಷ್ಟೋ ದಿನ ಬರುತ್ತದೆ.

ಪೆಲೆಟ್ಟನ್ನು ಮಿಕ್ಸಿಯಲ್ಲಿ ಪುಡಿ ಮಾಡಿದೆ. ಕಾಳಿಗೆ ನಾಲ್ಕು ಹನಿ ನೀರು ಚಿಮುಕಿಸಿ ಪುಡಿಯಲ್ಲಿ ಹೊರಳಿಸಿದೆ. ಸಿಪ್ಪೆ ಬಿಡಿಸುವಾಗ ಪುಡಿ ನಾಲಿಗೆಗೆ ತಾಕುತ್ತದೆ, ರುಚಿ ಗೊತ್ತಾಗುತ್ತದೆ. ಊರಿನಿಂದ ನೆಂಟರು ನವಣೆ ತೆನೆ ತಂದುಕೊಟ್ಟಿದ್ದರು. ತೆನೆ ಕಂಡರೆ ಗುಂಡನಿಗೆ ಪ್ರಾಣ. ಅದನ್ನೂ ಒದ್ದೆ ಮಾಡಿ ಪುಡಿ ಉದುರಿಸಿ ಕೊಟ್ಟೆ. ಎರಡು ವಾರ ಕಳೆದ ಮೇಲೆ ಪುಡಿಯ ಬದಲು ನುಚ್ಚು. ಆಮೇಲೆ ಇಡೀ ಪೆಲೆಟ್ ನಾಲ್ಕೈದು.

ಇಡೀ ಪೆಲೆಟ್ಟನ್ನು ನಿಜವಾಗಿ ತಿನ್ನಿಸಿದ್ದು ಮಗಳು. ಕಾಕಟೀಲ್ ನೆಲದ ಮೇಲೆ ಹೆಕ್ಕಿ ತಿನ್ನುವ ಹಕ್ಕಿ ಅಂತ ಡಾಕ್ಟರ್ ಹೇಳಿದ್ದನ್ನು ಅವಳು ನೆನಪಿಟ್ಟುಕೊಂಡಿದ್ದಳು. ಸಂಜೆ ಹೋಂವರ್ಕ್ ಮಾಡುವಾಗ ಚಾಪೆಯ ಮೇಲೆ ಸ್ಟೀಲ್ ತಟ್ಟೆ ಇಟ್ಟು ಪೆಲೆಟ್ ಹರಡುತ್ತಿದ್ದಳು. ಎಡಗೈ ಬೆರಳಿನಿಂದ ತಟ್ಟೆಯನ್ನು ಟಕ್ ಟಕ್ ಅಂತ ಕುಟ್ಟುತ್ತಿದ್ದಳು, ಇನ್ನೊಂದು ಹಕ್ಕಿ ಹೆಕ್ಕುವ ಹಾಗೆ. ನಡುನಡುವೆ ಒಂದನ್ನು ಎತ್ತಿ ಬಾಯಿ ಹತ್ತಿರ ತಂದು ಚಪ್ಪರಿಸುವುದು. ಗುಂಡ ಅವಳ ಮೊಣಕಾಲಿನಿಂದ ಇಳಿದು ಬರುತ್ತಿದ್ದ. ಅವಳು ಕುಟ್ಟಿದಲ್ಲೇ ಇವನೂ ಕುಟ್ಟುತ್ತಿದ್ದ. ಮೊದಲ ವಾರ ಬರೀ ಕುಟ್ಟಿದ. ಒಂದು ಸಂಜೆ ನಾನು ಅಡುಗೆಮನೆಯಲ್ಲಿದ್ದೆ. "ಅಮ್ಮಾ, ಬಾ, ಬಾ, ಸದ್ದು ಮಾಡಬೇಡ" ಅಂತ ಪಿಸುಮಾತಿನಲ್ಲಿ ಕರೆದಳು. ಪೆಲೆಟ್ ಕೊಕ್ಕಿನಲ್ಲಿ ಕರಕರ ಅಂತ ಪುಡಿಯಾಗುತ್ತಿತ್ತು. ಪುಡಿ ಕೆಳಗೆ ಬೀಳುತ್ತಿರಲಿಲ್ಲ. ಗಂಟಲು ಆಡುತ್ತಿತ್ತು. ಹಕ್ಕಿ ಒಂಟಿಯಾಗಿ ಹೊಸ ಊಟ ಕಲಿಯುವುದು ಕಷ್ಟ, ಜೊತೆಯವರು ತಿನ್ನುವುದನ್ನು ನೋಡಿದರೆ ಬೇಗ ಕಲಿಯುತ್ತದೆ. ಅವನ ಗುಂಪು ಅಂದರೆ ನಾವೇ ಅಲ್ವಾ?

ಎಲ್ಲ ಸರಿಯಾಗೇ ನಡೆಯಲಿಲ್ಲ. ದಸರಾ ರಜೆಗೆ ನಾಲ್ಕು ದಿನ ಊರಿಗೆ ಹೋದಾಗ ಪರಿಚಯದವರ ಮನೆಯಲ್ಲಿ ಬಿಟ್ಟಿದ್ದೆವು. ಅವರು ಪ್ರೀತಿಯಿಂದ ಸೂರ್ಯಕಾಂತಿ ಬಟ್ಟಲು ತುಂಬಾ ಇಟ್ಟಿದ್ದರು. ಬಂದಾಗ ಐದು ಗ್ರಾಂ ಜಾಸ್ತಿ, ಪೆಲೆಟ್ ಕಂಡರೆ ಮುಖ ತಿರುಗಿಸುತ್ತಿದ್ದ. ಅವರನ್ನು ಏನನ್ನಲಿ, ನಾನು ಬರೆದುಕೊಡಬೇಕಿತ್ತು. ಮತ್ತೆ ಪುಡಿಯಿಂದ ಶುರು. ಈ ಸಲ ಒಂದೇ ವಾರಕ್ಕೆ ದಾರಿಗೆ ಬಂದ. ವಿಟಮಿನ್ ಹನಿಯನ್ನು ನೀರಿಗೆ ಹಾಕಿದರೆ ಇಷ್ಟೆಲ್ಲ ಕಷ್ಟ ಬೇಡ ಅಂತ ಒಬ್ಬರು ಹೇಳಿದ್ದರು. ಡಾಕ್ಟರ್ ಬೇಡ ಅಂದರು. ನೀರಿನಲ್ಲಿ ಅದು ಬೇಗ ಕೆಡುತ್ತದೆ, ನೀರೂ ಕೆಡುತ್ತದೆ, ರುಚಿ ಬದಲಾಗಿ ಹಕ್ಕಿ ನೀರು ಕುಡಿಯುವುದನ್ನೇ ಬಿಡಬಹುದು.

ಡಿಸೆಂಬರಿನಲ್ಲಿ ಮತ್ತೆ ಬೆಂಗಳೂರಿಗೆ ಹೋದೆವು. 98 ಗ್ರಾಂ. ಎದೆಯ ಏಣು ಬೆರಳಿಗೆ ಸಿಕ್ಕಿತು, ಎರಡೂ ಕಡೆ ದುಂಡಗೆ ಮಾಂಸ. ಸೀನು ನಿಂತು ಎಷ್ಟೋ ದಿನ ಆಗಿತ್ತು. ಕೊಕ್ಕು ಮತ್ತೆ ಉದ್ದವಾಗಿರಲಿಲ್ಲ. ಲಿವರ್ ಪೂರ್ತಿ ಸರಿಹೋಗಲು ಇನ್ನೂ ಸಮಯ ಬೇಕು ಅಂದರು. ಪೂರ್ತಿ ಪೆಲೆಟ್ಟೇ ಕೊಡಬೇಕಾಗಿಲ್ಲ, ಕಾಕಟೀಲ್‌ಗೆ ಸ್ವಲ್ಪ ಸಣ್ಣ ಕಾಳು ಇರಲಿ ಅಂದಾಗ ನನಗೆ ಸಮಾಧಾನವಾಯಿತು. ಈಗ ಅವನ ಬಟ್ಟಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪೆಲೆಟ್, ಬೆಳಗ್ಗೆ ತರಕಾರಿ ಸೊಪ್ಪು, ಸಂಜೆ ಒಂದು ಚಮಚ ನವಣೆ. ಸೂರ್ಯಕಾಂತಿ ದಿನಕ್ಕೆ ಎರಡೇ ಎರಡು, ಅದೂ ಅತ್ತೆಯ ಕೈಯಿಂದ, ಹಾಲ್‌ನ ಆ ತುದಿಯಿಂದ ಹಾರಿ ಬಂದರೆ ಮಾತ್ರ. ಹಾರಿ ಬಂದ ಮೇಲೆ ಬಾಯಿ ಮುಚ್ಚಿಕೊಂಡೇ ಇರುತ್ತಾನೆ.

ಈಗ ಹಸಿ ಬಟಾಣಿ ಕಾಲ. ನಿನ್ನೆ ಅತ್ತೆ ಮೊರ ಮುಂದಿಟ್ಟುಕೊಂಡು ಬಟಾಣಿ ಬಿಡಿಸುತ್ತಿದ್ದರು. ಗುಂಡ ಮೊರದ ಅಂಚಿನ ಮೇಲೆ ನಡೆದುಕೊಂಡು ಬಂದ. ಒಂದು ಕಾಳು ಎತ್ತಿದ. ನಾಲಿಗೆಯಿಂದ ಒಂದು ಸುತ್ತು ತಿರುಗಿಸಿ ಅಂಚು ಹುಡುಕಿದ. ತೆಳ್ಳನೆಯ ಹಸಿರು ಸಿಪ್ಪೆ ಮೊರದ ಹೊರಗೆ ಬಿತ್ತು. "ಇನ್ನೊಂದು ಕೊಡಲೇನಮ್ಮ?" ಅಂತ ಅತ್ತೆ ನನ್ನ ಮುಖ ನೋಡಿದರು. ಕೊಡಿ ಅತ್ತೆ ಅಂದೆ.